ನರೆತ ತಲೆಯ ಆಲೋಚನೆ

ಪಾಠಭಾಗ: ೧ ಅರಸುಗಳು ೧೨:೧–೧೯



ಪ್ರಜೆಗಳು ತಮ್ಮ ಭಾರವನ್ನು ಇಳಿಸಬೇಕೆಂದು ರೆಹಬ್ಬಾಮನನ್ನು ಬೇಡಿಕೊಂಡಾಗ, ದಯೆಯಿಂದ ಉತ್ತರಕೊಡಬೇಕೆಂದು ವೃದ್ಧರು ಅವನಿಗೆ ಬುದ್ಧಿಹೇಳಿದರು. ಅವನಾದರೋ ಅದನ್ನು ತಳ್ಳಿಬಿಟ್ಟು ತನ್ನ ಓರಗೆಯ ಯೌವನಸ್ಥರ ಮಾತನ್ನು ಹಿಡಿದನು, ರಾಜ್ಯವು ಒಡೆದುಹೋಯಿತು.

ನಮ್ಮ ಹಳ್ಳಿಗಳಲ್ಲಿಯೂ ಈ ತಪ್ಪು ನಡೆಯುತ್ತದೆ. ಕೂಟಗಳಲ್ಲಿ ನಾವು ಹಿರಿಯರಿಗೆ ಮುಂದಿನ ಚಾಪೆಯನ್ನು ಕೊಡುತ್ತೇವೆ. ಮಾತಾಡುವದಕ್ಕೆ ಸಮಯವನ್ನು ಕೊಡುವದಿಲ್ಲ. ಆದರೆ ಬರಗಾಲದಲ್ಲಿಯೂ ಬತ್ತದ ಬಾವಿ ಯಾವದೆಂಬದನ್ನೂ, ಮಳೆನೀರು ಯಾವ ದಾರಿಯಾಗಿ ಕೆರೆಗೆ ಇಳಿಯುತ್ತಿತ್ತೆಂಬದನ್ನೂ ಅವರೇ ಬಲ್ಲರು.

ಮಾಗಡಿ ಸೀಮೆಯ ಹುಲಿಕಲ್ಲಿನ ತಿಮ್ಮಕ್ಕನವರನ್ನು ನೆನೆಯೋಣ. ಓದುಬರಹವಿಲ್ಲದ, ಮಕ್ಕಳಿಲ್ಲದ ಈ ತಾಯಿ ಗಂಡನೊಡನೆ ನೀರು ಹೊತ್ತು ಕುದೂರಿನ ದಾರಿಯಲ್ಲಿ ಆಲದ ಸಸಿಗಳನ್ನು ಬೆಳೆಸಿದರು. ೨೦೧೯ರಲ್ಲಿ ದಾರಿಯನ್ನು ಅಗಲಮಾಡುವದಕ್ಕಾಗಿ ಆ ಮರಗಳಿಗೆ ಕೊಡಲಿ ಬೀಳುವ ಹಾಗಾದಾಗ, ಆ ವೃದ್ಧೆಯೇ ಅವನ್ನು ಉಳಿಸಬೇಕೆಂದು ಸರ್ಕಾರವನ್ನು ಕೇಳಿಕೊಂಡರು. ಬೇರೆ ಉಪಾಯವನ್ನು ಹುಡುಕುವೆವೆಂದು ಸರ್ಕಾರವು ಮಾತುಕೊಟ್ಟಿತು. ೨೦೨೫ರಲ್ಲಿ ಅವರು ತೀರಿಕೊಂಡರು. ಬೆಳೆಸುವದಕ್ಕೆ ತೋಳಿನ ಬಲ ಬೇಕಾಯಿತು. ಕಾಯುವದಕ್ಕೆ ಮುಪ್ಪಿನ ಮಾತು ಬೇಕಾಯಿತು.

೧೯೯೨ರ ೭೩ನೆಯ ಸಂವಿಧಾನ ತಿದ್ದುಪಡಿಯ ಪ್ರಕಾರ ಊರಿನ ಮತದಾರರ ಪಟ್ಟಿಯಲ್ಲಿರುವವರೆಲ್ಲರೂ ಗ್ರಾಮಸಭೆಗೆ ಸೇರಿದವರು; ನರೆಬಂದ ಮಾತ್ರಕ್ಕೆ ಯಾರ ಸ್ಥಾನವೂ ಹೋಗುವದಿಲ್ಲ. ಆದಕಾರಣ ಯೌವನಸ್ಥರೇ, ಮುಂದಿನ ಗ್ರಾಮಸಭೆಗೆ ಹಿರಿಯರನ್ನು ಕೈಹಿಡಿದು ಕರಕೊಂಡು ಹೋಗಿರಿ. ಹಿರಿಯರೇ, ನಮ್ಮ ಕಾಲ ಮುಗಿಯಿತೆಂದು ಸುಮ್ಮನಿರಬೇಡಿರಿ. ನೀವು ಹೇಳದೆ ಹೋದರೆ ನೀವು ಬಲ್ಲದ್ದು ನಿಮ್ಮೊಂದಿಗೇ ಮಣ್ಣಾಗುವದು.

ಪ್ರಶ್ನೆಗಳು:
೧. ರೆಹಬ್ಬಾಮನು ವೃದ್ಧರ ಮಾತನ್ನು ಏಕೆ ತಳ್ಳಿದನು?
೨. ನಮ್ಮೂರಿನ ನೀರಿನ ಸಂಗತಿಯನ್ನು ಹೆಚ್ಚಾಗಿ ಬಲ್ಲ ಹಿರಿಯರು ಯಾರು?
೩. ಈ ವಾರ ಅವರ ಮನೆಗೆ ಹೋಗಿ ಕೇಳುವವರು ಯಾರು?