ಪಾಟಿಯಿಂದ ಫೋನಿನ ತನಕ

ಬ್ಯಾಡಗಿಯ ಮೆಣಸಿನಕಾಯಿ ಪ್ಯಾಟಿ ನಮಗೆಲ್ಲ ಗೊತ್ತು. ಹಂಗಾಮು ಬಂತೆಂದರೆ ನಾವು ಹೆಣ್ಣುಮಕ್ಕಳು ಸಾಲಾಗಿ ಕೂತು ಕಾಯಿಯ ತುಂಬು ಬಿಡಿಸುತ್ತೇವೆ. ಕೈ ಉರಿಯುತ್ತದೆ. ಕೆಲಸದ ಜತೆಗೆ ಮಾತೂ ನಡೆಯುತ್ತದೆ. ಒಂದು ದಿನ ಮಕ್ಕಳ ಸಾಲಿಯ ಮಾತು ಬಂತು.

"ನನ್ನ ಮಗಳ ಸಾಲ್ಯಾಗ ಈಗ ಗೋಡಿ ಮ್ಯಾಲೆ ಸಿನಿಮಾದಂಗ ಪಾಠ ತೋರಸ್ತಾರ" ಎಂದಳು ಒಬ್ಬ ತಂಗಿ.

ಹಿರಿಯರೊಬ್ಬರು ನಕ್ಕರು. "ನಮ್ಮ ಕಾಲಕ್ಕ ಒಂದು ಪಾಟಿ, ಒಂದು ಬಳಪ. ಮನ್ಯಾಗ ಇದ್ದದ್ದು ಒಂದ ಪಾಟಿ. ಅದು ಅಣ್ಣಗ ಹೋತು. ನನಗ ದನ ಕಾಯೋ ಕೋಲು ಬಂತು" ಎಂದರು.

ಎಲ್ಲರೂ ಸುಮ್ಮನಾದೆವು. ಆ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ಪಾಟಿಯಿಂದ ಇಲ್ಲಿಯ ತನಕ ಸಾಲಿ ಹೇಗೆ ಬದಲಾಯಿತು? ಬನ್ನಿ, ತಿಳಿಯೋಣ.

ಉಸುಕು, ಪಾಟಿ, ಕರಿಹಲಗೆ

ಹಿಂದೆ ಮಕ್ಕಳು ಉಸುಕಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಆಮೇಲೆ ಕಲ್ಲಿನ ಪಾಟಿ ಬಂತು. ತಪ್ಪಾದರೆ ಒರೆಸಿ ಮತ್ತೆ ಬರೆಯಬಹುದು. ಕಾಗದದ ಖರ್ಚಿಲ್ಲ. ಕರಿಹಲಗೆ ಬಂದ ಮೇಲೆ ಮಾಸ್ತರರು ಒಮ್ಮೆ ಬರೆದರೆ ಸಾಕು, ಇಡೀ ವರ್ಗ ನೋಡುತ್ತಿತ್ತು.

ಆದರೆ ಎಷ್ಟೋ ಹಳ್ಳಿ ಸಾಲಿಗಳಲ್ಲಿ ಕರಿಹಲಗೆಯೂ ಸರಿಯಾಗಿ ಇರಲಿಲ್ಲ. ಅದಕ್ಕೆಂದೇ 1987ರಲ್ಲಿ ಕೇಂದ್ರ ಸರಕಾರ 'ಕರಿಹಲಗೆ ಕಾರ್ಯಾಚರಣೆ' ಎಂಬ ಯೋಜನೆ ತಂದಿತು. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ ಬೇಕು. ಕರಿಹಲಗೆ, ನಕಾಶೆ, ಆಟದ ಸಾಮಾನು ಬೇಕು. ಕನಿಷ್ಠ ಇಬ್ಬರು ಶಿಕ್ಷಕರು ಬೇಕು. ಸಾಧ್ಯವಾದಷ್ಟೂ ಅವರಲ್ಲಿ ಒಬ್ಬರು ಹೆಣ್ಣುಮಗಳಾಗಿರಬೇಕು. ಇದು ಆ ಯೋಜನೆಯ ಗುರಿಯಾಗಿತ್ತು.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 'ನಲಿ-ಕಲಿ' ಶುರುವಾಯಿತು. ಅಲ್ಲಿ ಮಕ್ಕಳು ಗುಂಪಾಗಿ ಕೂತು ಕಾರ್ಡು ನೋಡಿ ಕಲಿಯುತ್ತಾರೆ. ಗೋಡೆಯ ಕೆಳಗೆ ಮಕ್ಕಳ ಕೈಗೆ ಎಟುಕುವಂತೆ ಹಲಗೆ ಇರುತ್ತದೆ. ಕರಿಹಲಗೆ ಮಕ್ಕಳದೂ ಆಯಿತು.

ರೇಡಿಯೊ, ಟಿ.ವಿ.

ಧಾರವಾಡದ ಆಕಾಶವಾಣಿ ಕೇಂದ್ರ ಶುರುವಾದದ್ದು 1950ರಲ್ಲಿ. ಆಗ ಬ್ಯಾಡಗಿ ಧಾರವಾಡ ಜಿಲ್ಲೆಯಲ್ಲೇ ಇತ್ತು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ರೇಡಿಯೊದಲ್ಲಿ ಕಥೆ, ಹಾಡು, ಪಾಠ ಕೇಳಬಹುದು. ಆದರೆ ತಿಳಿಯದಿದ್ದರೆ "ಇನ್ನೊಮ್ಮೆ ಹೇಳ್ರಿ" ಎಂದು ಕೇಳಲು ಬರುವುದಿಲ್ಲ.

1975ರ ಆಗಸ್ಟ್‌ನಿಂದ ಒಂದು ವರ್ಷ ನಮ್ಮ ದೇಶದಲ್ಲಿ ಒಂದು ಪ್ರಯೋಗ ನಡೆಯಿತು. ಆಕಾಶದಲ್ಲಿದ್ದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಕಳಿಸಿದರು. ನಮ್ಮ ರಾಜ್ಯದಲ್ಲಿ ರಾಯಚೂರು, ಗುಲಬರ್ಗಾ, ವಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಳಿಗ್ಗೆ ಸಾಲಿ ಮಕ್ಕಳಿಗೆ, ಸಂಜೆ ಊರಿನವರಿಗೆ. 2004ರಲ್ಲಿ ಪಾಠಕ್ಕೆಂದೇ 'ಎಜುಸ್ಯಾಟ್' ಎಂಬ ಉಪಗ್ರಹವನ್ನು ನಮ್ಮ ದೇಶವೇ ಹಾರಿಸಿತು. ಚಾಮರಾಜನಗರ ಜಿಲ್ಲೆಯ ಸಾಲಿಗಳಿಗೆ ಅದರಿಂದ ಪಾಠ ಬಂತು.

ಫೋನು ಯಾರ ಕೈಗೆ?

2020ರ ಮಾರ್ಚ್‌ನಲ್ಲಿ ಕೊರೊನಾ ರೋಗದಿಂದ ಸಾಲಿ ಮುಚ್ಚಿದವು. ದೂರದರ್ಶನದ ಚಂದನ ವಾಹಿನಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಪಾಠ ಬಂತು. ಫೋನಿನಲ್ಲೂ ಪಾಠ ಬಂತು. ಆದರೆ ಫೋನು ಎಲ್ಲಿತ್ತು? ಮನೆಗೊಂದು. ಅದೂ ಅಪ್ಪನ ಕಿಸೆಯಲ್ಲಿ. ಸಂಜೆ ಬಂದರೆ ಕರೆನ್ಸಿ ಇಲ್ಲ. ಕರೆನ್ಸಿ ಇದ್ದರೆ ಮೊದಲು ಮಗನಿಗೆ. ಮಗಳಿಗೆ "ನೀ ರೊಟ್ಟಿ ಬಡಿ, ಆಮ್ಯಾಲೆ ನೋಡುವಿಯಂತ" ಎಂದೆವು. ಅಪ್ಪನಷ್ಟೇ ಅಲ್ಲ, ನಾವೂ ಹಾಗೆ ಅಂದೆವು.

ಅದೇ ವರ್ಷ ಆಗಸ್ಟ್‌ನಲ್ಲಿ 'ವಿದ್ಯಾಗಮ' ಶುರುವಾಯಿತು. ಫೋನು, ಟಿ.ವಿ. ಇಲ್ಲದ ಮಕ್ಕಳನ್ನು ಗುರುತಿಸಿ, ಶಿಕ್ಷಕರೇ ಊರಿಗೆ ಬಂದರು. ಗುಡಿಯ ಕಟ್ಟೆ, ಗಿಡದ ನೆರಳು ಸಾಲಿಯಾದವು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು.

ಆ ಹಿರಿಯರ ಮನೆಯಲ್ಲಿ ಒಂದೇ ಪಾಟಿ. ನಮ್ಮ ಮನೆಯಲ್ಲಿ ಒಂದೇ ಫೋನು. ಸಾಮಾನು ಬದಲಾಗಿದೆ. ಹಂಚುವ ರೀತಿ ಹಾಗೇ ಉಳಿದಿದೆ. ಅದನ್ನು ಬದಲಿಸುವುದು ನಮ್ಮ ಕೈಯಲ್ಲಿದೆ.

ನಾವು ಏನು ಮಾಡಬಹುದು?

ಮನೆಯಲ್ಲಿ ಫೋನಿಗೆ ಪಾಳಿ ಹಚ್ಚೋಣ. ಮಗನಿಗೆ ಅರ್ಧ ತಾಸು, ಮಗಳಿಗೂ ಅರ್ಧ ತಾಸು. ರೊಟ್ಟಿ ಬಡಿಯಲು, ನೀರು ತರಲು ಇಬ್ಬರೂ ಕೈ ಹಚ್ಚಲಿ.

ಸಾಲಿಯಲ್ಲಿ ಎಸ್.ಡಿ.ಎಂ.ಸಿ. ಎಂಬ ಸಮಿತಿ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ಸಮಿತಿಯ ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕು. ಸಭೆಗೆ ಹೋಗೋಣ. ಕೇಳೋಣ: ಕಂಪ್ಯೂಟರು ಕೆಲಸ ಮಾಡುತ್ತದೆಯೇ, ಇಲ್ಲಾ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದೆಯೇ? ಹುಡುಗಿಯರಿಗೂ ಅದನ್ನು ಮುಟ್ಟಲು ಸಿಗುತ್ತದೆಯೇ? ಸಭೆಯಲ್ಲಿ ಬರೆದದ್ದನ್ನು ಓದಿ ನೋಡಿ ಸಹಿ ಮಾಡೋಣ. ಈಗ ನಮಗೂ ಓದು ಬರುತ್ತದಲ್ಲ!

ಓದಿ, ಉತ್ತರ ಬರೆಯಿರಿ

1. 'ಕರಿಹಲಗೆ ಕಾರ್ಯಾಚರಣೆ' ಯಾವ ವರ್ಷ ಬಂತು?
2. ರೇಡಿಯೊ ಪಾಠದಲ್ಲಿ ಇರುವ ಕೊರತೆ ಏನು?
3. ನಿಮ್ಮ ಮನೆಯಲ್ಲಿ ಫೋನು ಮೊದಲು ಯಾರ ಕೈಗೆ ಹೋಗುತ್ತದೆ? ಯಾಕೆ? ಗುಂಪಿನಲ್ಲಿ ಮಾತಾಡಿರಿ.