ಫ್ಲೋಟ್ ಕೈಕೊಟ್ಟಾಗ ಎಲ್ಲಿ ಹುಡುಕಬೇಕು?

ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಓಡಿದ ಸಿ ಪ್ರೋಗ್ರಾಂ ಬೋರ್ಡಿಗೆ ಇಳಿಸಿದ ಕೂಡಲೇ ನಿಂತುಬಿಡುತ್ತೆ. ಹೊಸದಾಗಿ ಸೇರಿಸಿದ್ದು ಒಂದೇ ಒಂದು ಫ್ಲೋಟ್ ಗುಣಾಕಾರ. ಆಗ ನಾವೆಲ್ಲ ಲಾಜಿಕ್ ತಿದ್ದುತ್ತಾ ಕೂರ್ತೀವಿ. ಆದರೆ ಎಷ್ಟೋ ಸಲ ತಪ್ಪು ಅಲ್ಲಿರೋದಿಲ್ಲ. ಕಂಪೈಲರ್, ಲೈಬ್ರರಿ, ಚಿಪ್ ಈ ಮೂರರ ನಡುವೆ ಹೊಂದಾಣಿಕೆ ತಪ್ಪಿರುತ್ತೆ. ಎಆರ್‌ಎಂ ಚಿಪ್‌ಗಳಿಗೆ ಬಳಸುವ ಜಿಸಿಸಿ ಕ್ರಾಸ್ ಕಂಪೈಲರನ್ನೇ ಇಟ್ಟುಕೊಂಡು ಇದನ್ನು ನೋಡೋಣ.

ಮೊದಲು ಚಿಪ್. ಕಾರ್ಟೆಕ್ಸ್ ಎಂ0 ಮತ್ತು ಎಂ3ಯಲ್ಲಿ ಎಫ್‌ಪಿಯು ಇಲ್ಲ. ಬ್ಲೂ ಪಿಲ್ ಬೋರ್ಡಿನ ಎಸ್‌ಟಿಎಂ32ಎಫ್103 ಇದೇ ಎಂ3 ಜಾತಿ. ಎಸ್‌ಟಿಎಂ32ಎಫ್407ರಲ್ಲಿ ಎಂ4 ಇದೆ, ಜೊತೆಗೆ ಎಫ್‌ಪಿಯು ಕೂಡ ಇದೆ. ಆದರೆ ಅದು ಸಿಂಗಲ್ ಪ್ರಿಸಿಷನ್ ಮಾತ್ರ.

ಎಫ್‌ಪಿಯು ಇಲ್ಲದಿದ್ದರೆ ಕಂಪೈಲರ್ ಪ್ರತಿ ಫ್ಲೋಟ್ ಲೆಕ್ಕವನ್ನೂ ಲಿಬ್‌ಜಿಸಿಸಿಯ ಒಂದು ಫಂಕ್ಷನ್ ಕರೆಯಾಗಿ ಬದಲಿಸುತ್ತೆ. ಫ್ಲೋಟ್ ಅಂದರೆ 32 ಬಿಟ್: ಚಿಹ್ನೆಗೆ 1, ಘಾತಕ್ಕೆ 8, ಭಿನ್ನಾಂಶಕ್ಕೆ 23. ಎರಡು ಸಂಖ್ಯೆ ಕೂಡಿಸಬೇಕಾದರೆ ಆ ಫಂಕ್ಷನ್ ಇವನ್ನು ಬಿಡಿಸಿ, ಘಾತಗಳನ್ನು ಸರಿದೂಗಿಸಿ, ಕೂಡಿಸಿ, ರೌಂಡ್ ಮಾಡಿ, ಮತ್ತೆ ಜೋಡಿಸಬೇಕು. ಎಫ್‌ಪಿಯು ಒಂದು ಇನ್‌ಸ್ಟ್ರಕ್ಷನ್‌ನಲ್ಲಿ ಮುಗಿಸುವ ಕೆಲಸಕ್ಕೆ ಇಲ್ಲಿ ಹತ್ತಾರು ಬೇಕು. ಸಾಫ್ಟ್ ಫ್ಲೋಟ್ ಅಂದರೆ ಇದೇ.

ಇನ್ನು ಕಂಪೈಲರಿನ ಫ್ಲೋಟ್ ಎಬಿಐ ಆಯ್ಕೆ. ಇದರಲ್ಲಿ ಮೂರು ಬಗೆ.

ಸಾಫ್ಟ್: ಲೆಕ್ಕವೆಲ್ಲ ಲೈಬ್ರರಿಯಲ್ಲಿ, ಫಂಕ್ಷನ್ನಿಗೆ ಫ್ಲೋಟ್ ಹೋಗುವುದು ಸಾಮಾನ್ಯ ರಿಜಿಸ್ಟರುಗಳಲ್ಲಿ.
ಸಾಫ್ಟ್‌ಎಫ್‌ಪಿ: ಲೆಕ್ಕಕ್ಕೆ ಎಫ್‌ಪಿಯು ಬಳಸಬಹುದು, ಆದರೆ ಫ್ಲೋಟ್ ಹೋಗುವುದು ಸಾಮಾನ್ಯ ರಿಜಿಸ್ಟರುಗಳಲ್ಲೇ.
ಹಾರ್ಡ್: ಲೆಕ್ಕವೂ ಎಫ್‌ಪಿಯುನಲ್ಲಿ, ಫ್ಲೋಟ್ ಹೋಗುವುದೂ ಎಫ್‌ಪಿಯು ರಿಜಿಸ್ಟರುಗಳಲ್ಲಿ.

ಮೊದಲೆರಡನ್ನು ಒಟ್ಟಿಗೆ ಲಿಂಕ್ ಮಾಡಬಹುದು. ಹಾರ್ಡ್ ಅವುಗಳ ಜೊತೆ ಸೇರೋದಿಲ್ಲ.

ಈಗ ಲಕ್ಷಣ ನೋಡಿ ರೋಗ ಹಿಡಿಯೋಣ.

1. ಲಿಂಕರ್ "ವಿಎಫ್‌ಪಿ ರಿಜಿಸ್ಟರ್ ಆರ್ಗ್ಯುಮೆಂಟ್ಸ್" ಅಂತ ಗೊಣಗಿದರೆ, ಒಂದು ಫೈಲ್ ಹಾರ್ಡ್, ಇನ್ನೊಂದು ಅಲ್ಲ. ರೀಡ್‌ಎಲ್ಫ್ ಟೂಲಿನಿಂದ ಎರಡರ ಆಟ್ರಿಬ್ಯೂಟ್ ತೆಗೆದು ಹೋಲಿಸಿ. ಸಿಪಿಯು ಮತ್ತು ಎಬಿಐ ಆಯ್ಕೆಗಳನ್ನು ಕಂಪೈಲ್ ಮಾಡುವಾಗ ಕೊಟ್ಟು ಲಿಂಕ್ ಮಾಡುವಾಗ ಮರೆತರೂ ಹೀಗಾಗುತ್ತೆ, ಯಾಕಂದ್ರೆ ಸರಿಯಾದ ಲೈಬ್ರರಿಯನ್ನು ಜಿಸಿಸಿ ಆರಿಸೋದು ಆ ಆಯ್ಕೆಗಳನ್ನು ನೋಡಿಯೇ.

2. "ಎಇಎಬಿಐ" ಅಂತ ಶುರುವಾಗುವ ಫಂಕ್ಷನ್ ಸಿಗಲಿಲ್ಲ ಅಂದರೆ, ಲಿಬ್‌ಜಿಸಿಸಿ ಲಿಂಕ್ ಆಗಿಲ್ಲ. ಲಿಂಕರನ್ನು ನೇರವಾಗಿ ಕರೆಯಬೇಡಿ, ಜಿಸಿಸಿ ಮೂಲಕವೇ ಕರೆಯಿರಿ. ಸ್ಟ್ಯಾಂಡರ್ಡ್ ಲೈಬ್ರರಿ ಬೇಡ ಅಂತ ಆಯ್ಕೆ ಕೊಟ್ಟಿದ್ದರೆ, ಆಬ್ಜೆಕ್ಟ್ ಫೈಲುಗಳ ನಂತರ ಲಿಬ್‌ಜಿಸಿಸಿಯನ್ನು ನೀವೇ ಸೇರಿಸಿ.

3. ಲಿಂಕ್ ಆಯಿತು, ಆದರೆ ಮೊದಲ ಫ್ಲೋಟ್ ಸಾಲಿಗೇ ಹಾರ್ಡ್ ಫಾಲ್ಟ್. ರಿಸೆಟ್ ಆದಾಗ ಎಂ4ನ ಎಫ್‌ಪಿಯು ಆಫ್ ಆಗಿರುತ್ತೆ. ಸ್ಟಾರ್ಟಪ್ ಕೋಡಿನಲ್ಲಿ ಸಿಪಿಎಸಿಆರ್ ರಿಜಿಸ್ಟರಿನ 20ರಿಂದ 23ರವರೆಗಿನ ಬಿಟ್‌ಗಳನ್ನು 1 ಮಾಡಿದರೆ ಅದು ಆನ್ ಆಗುತ್ತೆ.

4. ಉತ್ತರ ಸರಿ, ಆದರೆ ತುಂಬಾ ನಿಧಾನ. ಎಲ್ಲಕ್ಕಿಂತ ಅಪಾಯಕಾರಿ ಇದೇ, ಯಾಕಂದ್ರೆ ಯಾವ ಎರರ್ ಕೂಡ ಬರೋದಿಲ್ಲ. ಮಿಲಿಸೆಕೆಂಡಿಗೊಮ್ಮೆ ಓಡಬೇಕಾದ ಮೋಟಾರ್ ಕಂಟ್ರೋಲ್ ಲೂಪ್ ಸದ್ದಿಲ್ಲದೆ ಹಿಂದೆ ಬೀಳುತ್ತೆ. ಸಿ ಭಾಷೆಯಲ್ಲಿ ಬರೀ 0.1 ಅಂದರೆ ಡಬಲ್. ಫ್ಲೋಟನ್ನು ಅದರಿಂದ ಗುಣಿಸಿದರೆ ಇಡೀ ಲೆಕ್ಕ ಡಬಲ್ ಆಗುತ್ತೆ, ಎಂ4ನ ಎಫ್‌ಪಿಯು ಅದನ್ನು ಮುಟ್ಟೋದಿಲ್ಲ, ಕೆಲಸ ಮತ್ತೆ ಲೈಬ್ರರಿಯ ಪಾಲು. ಸಂಖ್ಯೆಯ ಕೊನೆಗೆ ಎಫ್ ಅಕ್ಷರ ಸೇರಿಸಿ. ಸೈನ್ ಬದಲು ಸೈನ್‌ಎಫ್ ಬಳಸಿ. ಜಿಸಿಸಿಯ ಡಬಲ್ ಪ್ರೊಮೋಷನ್ ಎಚ್ಚರಿಕೆ ಆನ್ ಮಾಡಿದರೆ ಇಂಥ ಸಾಲುಗಳನ್ನು ಕಂಪೈಲರೇ ತೋರಿಸುತ್ತೆ. ಅನುಮಾನ ಉಳಿದರೆ ಆಬ್ಜ್‌ಡಂಪ್‌ನಲ್ಲಿ ನಿಮ್ಮ ಫಂಕ್ಷನ್ ತೆರೆದು, ಒಳಗೆ "ಎಇಎಬಿಐ" ಕರೆ ಇದೆಯಾ ನೋಡಿ.

ಇಷ್ಟಕ್ಕೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಫ್ಲೋಟ್ ನಿಜವಾಗಲೂ ಬೇಕಾ? 3.3 ವೋಲ್ಟಿನ 12 ಬಿಟ್ ಎಡಿಸಿ ಓದಿದ್ದೀರಿ ಅನ್ನಿ. ಅದನ್ನು 3300ರಿಂದ ಗುಣಿಸಿ 4095ರಿಂದ ಭಾಗಿಸಿದರೆ ಉತ್ತರ ಮಿಲಿವೋಲ್ಟಿನಲ್ಲೇ ಸಿಗುತ್ತೆ. ನಡುವೆ ಬರುವ ಅತಿ ದೊಡ್ಡ ಸಂಖ್ಯೆ 1,35,13,500. 32 ಬಿಟ್ ಇಂಟಿಜರಿನಲ್ಲಿ ಆರಾಮಾಗಿ ಕೂರುತ್ತೆ. ಬ್ಲೂ ಪಿಲ್ ಥರದ ಬೋರ್ಡಿಗೆ ಇಷ್ಟು ಸಾಕು. ಫ್ಲೋಟ್ ಬೇಕೇ ಬೇಕು ಅಂದಾಗ ಮಾತ್ರ ಅದನ್ನು ತನ್ನಿ. ತಂದಮೇಲೆ ಅದರ ಲೆಕ್ಕ ಎಲ್ಲಿ ನಡೀತಿದೆ ಅಂತ ಡಿಸ್‌ಅಸೆಂಬ್ಲಿಯಲ್ಲಿ ಒಮ್ಮೆ ಕಣ್ಣಾರೆ ನೋಡಿಬಿಡಿ.