ಹಚ್ಚಗಿದ್ದ ಮಾತ್ರಕ್ಕೆ ಸೊಪ್ಪು ಒಳ್ಳೇದಲ್ಲ

ನಾನು ಕೋಲಾರ ಸೀಮೆಯ ಮಳೆ ನಂಬಿದ ರೈತ. ರಾಗಿ, ಅವರೆ ನನ್ನ ಬೆಳೆ. ನಮ್ಮಕ್ಕನನ್ನು ಕೊಟ್ಟಿರೋದು ಬೈರಮಂಗಲದ ಕಡೆ. ಬೆಂಗಳೂರಿನ ಕೊಳಚೆ ಹೊತ್ತು ಬರುವ ವೃಷಭಾವತಿ ನೀರಲ್ಲಿ ಬಾವ ಪಾಲಕ್, ದಂಟು ಬೆಳೀತಿದ್ರು. ಮಳೆ ಕೈಕೊಟ್ಟ ವರ್ಷ ಹೋಗಿ ನೋಡಿದರೆ ಹೊಟ್ಟೆ ಉರಿಯುವಷ್ಟು ಹಸಿರು. ಕಾಲುವೆ ಹೂಳನ್ನು ಒಂದು ಲಾರಿ ನನ್ನ ಹೊಲಕ್ಕೂ ಹೊಡೆಸೋಣ ಅಂತ ಮಾತಾಡಿ ಬಂದೆ. ಲಾರಿ ಬರುವ ಮೊದಲು ಕೃಷಿ ಓದಿದವರೊಬ್ಬರನ್ನು ಕೇಳಿದ್ದು ಒಳ್ಳೇದಾಯ್ತು. ಏಳನೇ ಕ್ಲಾಸಿನ ನನ್ನ ತಲೆಗೆ ಹತ್ತಿದ್ದನ್ನು ಬರೀತೀನಿ.

ಏನಿದು ಭಾರಲೋಹ?

ಬ್ಯಾಟರಿಯಿಂದ ಸೀಸ, ಲೋಹಕ್ಕೆ ಲೇಪ ಕೊಡುವ ಕಡೆಯಿಂದ ಕ್ರೋಮಿಯಂ, ನಿಕ್ಕಲ್, ಕ್ಯಾಡ್ಮಿಯಂ ಚರಂಡಿ ಸೇರುತ್ತವೆ. ಸಗಣಿ ಕೊಳೆತು ಗೊಬ್ಬರವಾಗುತ್ತೆ, ಇವು ಕೊಳೆಯೋದಿಲ್ಲ. ಬಹುಪಾಲು ಮಣ್ಣಲ್ಲೇ ಕೂರುತ್ತವೆ.

ಲೆಕ್ಕ ನೋಡಿ. ನೀರಾವರಿಯ ನೀರಲ್ಲಿ ಕ್ಯಾಡ್ಮಿಯಂ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳಿದೆ. ಎಕರೆಗೆ ವರ್ಷಕ್ಕೆ 40 ಲಕ್ಷ ಲೀಟರ್ ಹಾಯಿಸಿದರೆ ಆ ಮಿತಿಯ ನೀರೇ 40 ಗ್ರಾಂ ತಂದು ಹಾಕುತ್ತೆ. 10 ವರ್ಷಕ್ಕೆ 400 ಗ್ರಾಂ. ಒಂದು ಕಿಲೋ ಸೊಪ್ಪಿನಲ್ಲಿ ಇರಬಹುದಾದ ಮಿತಿಯೋ, ಕೋಡೆಕ್ಸ್ ಪ್ರಕಾರ ಬರೀ 0.2 ಮಿಲಿಗ್ರಾಂ.

ಸೊಪ್ಪು ಇದನ್ನು ಹೆಚ್ಚು ಹೀರುತ್ತೆ, ಅದರಲ್ಲೂ ಪಾಲಕ್. ಟೊಮೆಟೊ, ಬೆಂಡೆಯಂಥ ಕಾಯಿಗಳಲ್ಲಿ ಕಡಿಮೆ. ತೊಳೆದರೆ ಎಲೆ ಮೇಲಿನ ದೂಳು ಹೋಗುತ್ತೆ, ಒಳಗಿನದು ಬೇಯಿಸಿದರೂ ಹೋಗಲ್ಲ. ಕ್ಯಾಡ್ಮಿಯಂ ಮೂತ್ರಪಿಂಡ ಕೆಡಿಸುತ್ತೆ, ಸೀಸ ಮಕ್ಕಳ ಬುದ್ಧಿಗೆ ಪೆಟ್ಟು. ಜಪಾನಿನ ಜಿಂಜು ನದಿಗೆ ಗಣಿಯ ಕ್ಯಾಡ್ಮಿಯಂ ಸೇರಿ, ಆ ನೀರಿನ ಭತ್ತ ಉಂಡವರ ಮೂಳೆ ಮುರಿದವು. ಮಾಲಿನ್ಯದಿಂದ ಬಂದ ರೋಗ ಅಂತ ಅಲ್ಲಿನ ಸರಕಾರ 1968ರಲ್ಲಿ ಒಪ್ಪಿತು.

ನಾವೇನು ಮಾಡಬಹುದು?

* ಸಾಮಾನ್ಯ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಇದು ಸಿಗಲ್ಲ. 'ಭಾರಲೋಹ ನೋಡಿ' ಅಂತ ಬೇರೆಯಾಗಿ ಕೇಳಬೇಕು.
* ಹುಳಿ ಮಣ್ಣಿಗೆ ಸುಣ್ಣ, ಜೊತೆಗೆ ಕೊಟ್ಟಿಗೆ ಗೊಬ್ಬರ ಹಾಕಿದರೆ ಬೇರು ಹೀರೋದು ತಗ್ಗುತ್ತೆ. ಲೋಹ ಮಾತ್ರ ಮಣ್ಣಲ್ಲೇ ಇರುತ್ತೆ.
* ಇಂಥ ನೀರಿಗೆ ಸೊಪ್ಪು, ಗೆಡ್ಡೆ ಬೇಡ. ಹೂವು ವಾಸಿ. ಮೇವು ಬೆಳೆದರೆ ಹಸುವಿನ ಹೊಟ್ಟೆಗೆ ಹೋಗುತ್ತೆ.
* ಪಟ್ಟಣದ ಚರಂಡಿ ಹೂಳು ಹೊಲಕ್ಕೆ ಬೇಡವೇ ಬೇಡ.

ಇಷ್ಟನ್ನೂ ಬಾವನಿಗೆ ಹೇಳಿದೆ. "ಬೇರೆ ನೀರು ಎಲ್ಲೈತೆ ಬಾಮೈದ? ಸೊಪ್ಪು ಬಿಟ್ಟರೆ ಸಾಲ ಯಾರು ತೀರಿಸ್ತಾರೆ?" ಅಂದ್ರು. ನನ್ನ ಬಾಯಿ ಕಟ್ಟಿತು. ನೀರು ಕೆಡಿಸಿದ್ದು ಅವರಲ್ಲವಲ್ಲ. ಆರು ತಿಂಗಳಾದ ಮೇಲೆ ಅರ್ಧ ಜಮೀನಿಗೆ ಚೆಂಡು ಹೂವು ಹಾಕಿದ್ರು. ಇನ್ನರ್ಧ ಈಗಲೂ ಸೊಪ್ಪೇ.

2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಜಿಲ್ಲೆಯ ಕೆರೆಗಳಿಗೂ ಬರ್ತಿದೆ. ಅಂತರ್ಜಲ ಏರಲಿ ಅನ್ನೋದು ಅದರ ಉದ್ದೇಶ. ಬತ್ತಿದ ನಮಗೆ ನೀರು ಬೇಕು, ನಿಜ. ಆದರೆ ಅಂಥ ಕೆರೆಯ ಗೋಡು ಹೊಡೆಯುವ ಮುಂಚೆ ಒಂದು ಹಿಡಿ ಮಣ್ಣು ಪರೀಕ್ಷೆಗೆ ಕೊಡಿ. ಊರಿನವರು ಸೇರಿ ಖರ್ಚು ಹಂಚಿಕೊಂಡರೆ ಯಾರಿಗೂ ಭಾರವಾಗಲ್ಲ. ಒಮ್ಮೆ ಹೊಲಕ್ಕೆ ಬಿದ್ದ ಲೋಹವನ್ನು ಆರಿಸಿ ತೆಗೆಯೋಕೆ ಆಗಲ್ಲ.